ಮೆಚ್ಚಿಸುವ ಹಂಗಿಲ್ಲದ ನಟಿ: ‘ಕಾಲ್ ಮೈ ಏಜೆಂಟ್’ ಮತ್ತು ಕಮಿಯ್ ಕೊತಾಂ

ಫ್ರಾನ್ಸ್‌ನಲ್ಲಿ ನಟನಟಿಯರ ಏಜೆಂಟರಿಗೆ ಸಿಗುವ ಕಮಿಷನ್ ಶೇಕಡಾ 10. ನಟಿಗೆ ಪಾತ್ರ ಸಿಕ್ಕಿ ಸಂಭಾವನೆ ಬಂದರೆ ಇವರಿಗೂ ಬಂತು, ಇಲ್ಲವಾದರೆ ಓಡಾಡಿದ್ದೆಲ್ಲ ದಂಡ. ಆ ಶೇಕಡಾ ಹತ್ತನ್ನೇ ಹೆಸರಾಗಿಸಿಕೊಂಡ ಧಾರಾವಾಹಿ ‘ದೀ ಪೂರ್ ಸಾಂ’ 2015ರ ಅಕ್ಟೋಬರ್‌ನಲ್ಲಿ ‘ಫ್ರಾನ್ಸ್ 2’ ವಾಹಿನಿಯಲ್ಲಿ ಶುರುವಾಗಿ 2020ರಲ್ಲಿ ಮುಗಿಯಿತು. ನಾಲ್ಕು ಸೀಸನ್, ಸೀಸನ್ನಿಗೆ ಆರರಂತೆ 24 ಸಂಚಿಕೆ. ಹೊರದೇಶಗಳ ಸ್ಟ್ರೀಮಿಂಗ್‌ನಲ್ಲಿ ಅದರ ಹೆಸರು ‘ಕಾಲ್ ಮೈ ಏಜೆಂಟ್’. ಕೊರೊನಾ ಕಾಲದಲ್ಲಿ ಮನೆಯಲ್ಲಿ ಕುಳಿತವರು ಪ್ಯಾರಿಸ್ಸಿನ ಬೀದಿ ನೋಡುವ ಆಸೆಗೆ ಇದನ್ನು ಹಚ್ಚಿಕೊಂಡರು, ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು, 2021ರಲ್ಲಿ ಅತ್ಯುತ್ತಮ ಹಾಸ್ಯ ಸರಣಿಗೆ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿಯೂ ಬಂತು.

ನನ್ನ ಅನ್ನವೂ ಇದರ ಪಕ್ಕದ ಕಸುಬಿನದೇ. ಬೆಂಗಳೂರಿನಲ್ಲಿ ಕನ್ನಡ ಧಾರಾವಾಹಿಗಳಿಗೆ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದವಳು ನಾನು. ಕಾಲ್‌ಶೀಟ್ ಹೊಂದಿಸುವುದು, ಮುನಿಸಿಕೊಂಡವರನ್ನು ಮೇಕಪ್ ಕೋಣೆಯಿಂದ ಸೆಟ್‌ಗೆ ಕರೆತರುವುದು, ಪೇಮೆಂಟ್ ತಡವಾದಾಗ ಎಲ್ಲರ ಪರವಾಗಿ ಬೈಸಿಕೊಳ್ಳುವುದು, ಬೈದವರಿಗೇ ಮಧ್ಯಾಹ್ನ ಮೊಸರನ್ನ ಬಂತೋ ಇಲ್ಲವೋ ಎಂದು ವಿಚಾರಿಸುವುದು. ಹಾಗಾಗಿ ಸಿನಿಮಾ ಲೋಕದ ಕುರಿತ ಸಿನಿಮಾಗಳನ್ನು ಕಂಡರೆ ನನಗೆ ಮೊದಲೇ ಅನುಮಾನ. ಅವುಗಳಲ್ಲಿ ನಿರ್ದೇಶಕನ ಸಂಕಟ ಇರುತ್ತದೆ, ನಾಯಕಿಯ ಕಣ್ಣೀರು ಇರುತ್ತದೆ, ಆದರೆ ನಾಳೆ ಬೆಳಗಿನ ಏಳರ ಕಾಲ್‌ಶೀಟ್ ಯಾರು ಹೊಂದಿಸುತ್ತಾರೆ ಎಂಬುದು ಇರುವುದಿಲ್ಲ. ಇಲ್ಲಿ ಹಾಗೆ ಹೊಂದಿಸುವವರದೇ ಕಥೆ. ಬರೆದವರಿಗೆ ಈ ಕಸುಬಿನ ಒಳಸುಳಿ ಗೊತ್ತಿರುವುದು ಮೊದಲ ಸಂಚಿಕೆಯಲ್ಲೇ ಕಾಣುತ್ತದೆ. ಇದರ ಮೂಲ ಕಲ್ಪನೆ ದೊಮಿನಿಕ್ ಬೆನೆಯಾರ್ ಅವರದು. ಅವರು ‘ಆರ್ಟ್‌ಮೀಡಿಯಾ’ ಎಂಬ ಪ್ಯಾರಿಸ್ಸಿನ ದೊಡ್ಡ ಸಂಸ್ಥೆಯಲ್ಲಿ ಸುಮಾರು ಎರಡು ದಶಕ ತಾವೇ ಏಜೆಂಟ್ ಆಗಿದ್ದವರು. ಅದನ್ನು ಧಾರಾವಾಹಿಯಾಗಿ ಕಟ್ಟಿದ ಮುಖ್ಯ ಬರಹಗಾರ್ತಿ ಫಾನಿ ಎರೆರೊ. ಮೊದಲ ಸಂಚಿಕೆಗಳ ನಿರ್ದೇಶನ ಸೆದ್ರಿಕ್ ಕ್ಲಾಪಿಷ್ ಅವರದು.

ಕಥೆ ಇಷ್ಟು. ‘ಆಸ್ಕ್’ ಎಂಬ ಏಜೆನ್ಸಿಯ ಹಿರಿಯ ಸಾಮ್ಯುಯೆಲ್ ಕೆರ್ ರಜೆಗೆಂದು ಬ್ರೆಜಿಲ್‌ಗೆ ಹೋದವರು ಕಣಜವೊಂದನ್ನು ನುಂಗಿ ಸಾಯುತ್ತಾರೆ. (ಹೌದು, ಕಣಜವೇ. ಕಥೆ ನಗಿಸಬೇಕೋ ಅಳಿಸಬೇಕೋ ಎಂಬುದನ್ನು ಇದೊಂದೇ ವಿವರ ತೀರ್ಮಾನಿಸಿಬಿಡುತ್ತದೆ.) ಉಳಿದ ನಾಲ್ವರು ಏಜೆಂಟರು ಸಂಸ್ಥೆಯನ್ನು ಉಳಿಸಿಕೊಳ್ಳಲು ಹೆಣಗುತ್ತಾರೆ. ಒಳಗೊಳಗೇ ಲೆಕ್ಕ ಹಾಕುವ ಮಥಿಯಾಸ್, ಮನಸ್ಸು ಮೆತ್ತಗಿರುವ ಗೇಬ್ರಿಯೆಲ್, ನಾಯಿಯನ್ನು ಕಚೇರಿಗೇ ಕರೆತರುವ ಹಿರಿಯ ಜೀವ ಅರ್ಲೆತ್. ಆ ನಾಯಿಯ ಹೆಸರು ಜ್ಯಾನ್ ಗಬ್ಯಾಂ, ಫ್ರೆಂಚ್ ಸಿನಿಮಾದ ಮಹಾನಟನ ಹೆಸರು! ನಾಲ್ಕನೆಯವಳು ಆಂದ್ರಿಯಾ ಮಾರ್ತೆಲ್. ಈ ಆಂದ್ರಿಯಾಳೇ ಕಮಿಯ್ ಕೊತಾಂ. ನಾನು ಈ ವಿಮರ್ಶೆ ಬರೆಯಲು ಕೂತದ್ದೂ ಅವರಿಗಾಗಿಯೇ.

ಆಂದ್ರಿಯಾ ಒಳ್ಳೆಯವಳಲ್ಲ. ಅವಳು ಸಹಾಯಕಿಯರ ಮೇಲೆ ಎಗರಾಡುತ್ತಾಳೆ, ಸಹೋದ್ಯೋಗಿಯ ಕೈಯಿಂದ ನಟರನ್ನು ಕಸಿಯುತ್ತಾಳೆ, ಸುಳ್ಳು ಹೇಳುತ್ತಾಳೆ, ಹೇಳಿದ ಸುಳ್ಳನ್ನು ಮುಚ್ಚಲು ಇನ್ನೊಂದು ಹೇಳುತ್ತಾಳೆ. ಮೊದಲ ಸಂಚಿಕೆಯಲ್ಲೇ ಅವಳ ಸಹಾಯಕಿ ಸಾಕಪ್ಪಾ ಸಾಕು ಎಂದು ಹೊರಟುಹೋಗುತ್ತಾಳೆ. ಎದುರಿಗೆ ಸಿಕ್ಕ ಹುಡುಗಿಯೊಬ್ಬಳನ್ನು ಆಂದ್ರಿಯಾ ಅಲ್ಲೇ ಕೆಲಸಕ್ಕೆ ಹಾಕಿಕೊಳ್ಳುತ್ತಾಳೆ, ಅದೂ ಉಪಕಾರ ಮಾಡಿದ ಮುಖದಲ್ಲಲ್ಲ, ಕೈಗೆ ಸಿಕ್ಕ ಕುರ್ಚಿಯನ್ನು ಎಳೆದುಕೊಂಡ ಹಾಗೆ. ಇಂಥ ಪಾತ್ರ ಸಿಕ್ಕಾಗ ಬಹಳಷ್ಟು ನಟಿಯರು ಏನು ಮಾಡುತ್ತಾರೆ ಎಂಬುದನ್ನು ಸೆಟ್‌ನಲ್ಲಿ ನಿಂತು ನೋಡಿದ್ದೇನೆ. ಗದರಿದ ಮರುಕ್ಷಣ ಕಣ್ಣಂಚಿನಲ್ಲಿ ಒಂದು ಚೂರು ನೋವು ತೋರಿಸುತ್ತಾರೆ. ‘ನಾನು ಮೇಲೆ ಗಟ್ಟಿ, ಒಳಗೆ ಮೆದು’ ಎಂದು ನೋಡುಗರಿಗೆ ಕಳುಹಿಸುವ ಅರ್ಜಿ ಅದು. ಕೊತಾಂ ಅಂಥ ಅರ್ಜಿ ಹಾಕುವುದಿಲ್ಲ. ಗದರಿದರೆ ಗದರಿದ್ದೇ. ನೋಡುಗರಿಗೆ ಇಷ್ಟವಾಗಬೇಕೆಂಬ ಹಂಬಲವನ್ನು ಅವರು ಕ್ಯಾಮೆರಾದ ಮುಂದೆ ಬರುವಾಗ ಹೊರಗೇ ಬಿಟ್ಟು ಬರುತ್ತಾರೆ. ಹಾಗೆ ಬಿಟ್ಟಿದ್ದರಿಂದಲೇ ನಾವು ಅವಳ ಬೆನ್ನಿಗೆ ಬೀಳುತ್ತೇವೆ.

ಅವರು ಫೋನಿನಲ್ಲಿ ಮಾತಾಡುವ ದೃಶ್ಯಗಳನ್ನು ಗಮನಿಸಿ. ಕಸುಬಿನವರಿಗೆ ಅದು ಪಾಠ. ಸ್ವರ ಜೇನಿನಂತೆ ಇರುತ್ತದೆ, ಆ ಕಡೆಯವರಿಗೆ ಅದಷ್ಟೇ ಕೇಳುತ್ತದೆ. ಈ ಕಡೆ ಕಣ್ಣು ಬಾಗಿಲಾಚೆ ಯಾರು ಹಾದುಹೋದರು ಎಂದು ನೋಡುತ್ತಿರುತ್ತದೆ, ಕೈ ಸಹಾಯಕಿಗೆ ಸನ್ನೆ ಮಾಡುತ್ತಿರುತ್ತದೆ, ಹುಬ್ಬು ಆ ಕಡೆಯವರನ್ನು ಶಪಿಸುತ್ತಿರುತ್ತದೆ. ಮಾತು ಮುಗಿದೊಡನೆ ಮುಖ ಕಳಚಿ ಬೀಳುವುದಿಲ್ಲ. ಅರ್ಧ ಕ್ಷಣ ಆ ಜೇನು ತುಟಿಯ ಮೇಲೆ ಉಳಿದು ಆಮೇಲೆ ಇಂಗುತ್ತದೆ. ಆ ಅರ್ಧ ಕ್ಷಣವನ್ನು ನಾನು ಕನ್ನಡಿಯಲ್ಲಿ ನನ್ನದೇ ಮುಖದಲ್ಲಿ ಕಂಡವಳು. ‘ಮೇಡಂ, ನಿಮಗೋಸ್ಕರವೇ ಈ ಸೀನ್ ಇಟ್ಟಿದ್ದಾರೆ’ ಎಂದು ಹೇಳಿ ಫೋನ್ ಇಟ್ಟ ಮೇಲೆ, ಹೇಳಿದ್ದು ಸುಳ್ಳೆಂಬುದು ತನಗೇ ನೆನಪಾಗುವ ಹೊತ್ತು ಅದು. ಬರೆದು ಕೊಟ್ಟರೆ ಬರುವಂಥದ್ದಲ್ಲ ಅದು.

ಕೊತಾಂ ಈ ಪಾತ್ರಕ್ಕೆ ಬಂದ ದಾರಿ ನೇರವಾದದ್ದಲ್ಲ. ಹುಟ್ಟಿದ್ದು 1978ರ ಡಿಸೆಂಬರ್‌ನಲ್ಲಿ, ಪ್ಯಾರಿಸ್‌ಗೆ ತಾಗಿಕೊಂಡಿರುವ ಬೂಲೊನ್ ಬಿಯಾಂಕೂರ್‌ನಲ್ಲಿ. ಹರೆಯದ ಕೆಲ ವರ್ಷ ಲಂಡನ್ನಿನಲ್ಲಿ ಕಳೆದವರು. ಮುಂದೆ ಹಾಲಿವುಡ್ ಕರೆದಾಗ ಉಪಯೋಗಕ್ಕೆ ಬಂದದ್ದು ಆ ಇಂಗ್ಲಿಷ್. ಅದಕ್ಕೂ ಮೊದಲು ಅದೇ ಇಂಗ್ಲಿಷನ್ನು ಶಾಲಾ ಮಕ್ಕಳಿಗೆ ಕಲಿಸಿ ಹೊಟ್ಟೆ ಹೊರೆದುಕೊಂಡವರು. ರಂಗಭೂಮಿ, ಹಾಸ್ಯ ತಂಡ, ಅಲ್ಲಿಲ್ಲಿ ಚಿಕ್ಕ ಪಾತ್ರ ಎಂದು ವರ್ಷಗಳು ಉರುಳಿದವು. ಹೆಸರು ಬಂದದ್ದು 2013ರಲ್ಲಿ, ವಯಸ್ಸು ಮೂವತ್ತೈದರ ಹತ್ತಿರ ಬಂದಾಗ. ನಮ್ಮ ಕಿರುತೆರೆಯಲ್ಲಿ ಆ ವಯಸ್ಸಿನ ನಟಿಗೆ ಅಣ್ಣನ ಹೆಂಡತಿಯ ಪಾತ್ರ ಕೊಟ್ಟು, ಎರಡು ವರ್ಷದಲ್ಲಿ ಅತ್ತೆಯ ಸ್ಥಾನಕ್ಕೆ ಬಡ್ತಿ ನೀಡುತ್ತೇವೆ.

ಹೆಸರು ತಂದ ಆ ಕಾರ್ಯಕ್ರಮ ‘ಕೊನಾಸ್’. ಹೆಸರೇ ಒಂದು ಬೈಗುಳ. ‘ಕನಾಲ್ ಪ್ಲಸ್’ ವಾಹಿನಿಯ ಸಂಜೆಯ ಕಾರ್ಯಕ್ರಮದ ನಡುವೆ ಬರುತ್ತಿದ್ದ ಚಿಕ್ಕ ತುಣುಕುಗಳು. ಗುಪ್ತ ಕ್ಯಾಮೆರಾ ಇಟ್ಟು, ಪ್ಯಾರಿಸ್ಸಿನ ಸಿರಿವಂತ ಸೊಕ್ಕಿನ ಹೆಂಗಸೊಬ್ಬಳನ್ನು ಅಂಗಡಿ, ಬೀದಿ, ಉಪಾಹಾರ ಗೃಹಗಳಿಗೆ ಬಿಡುವುದು. ಅವಳು ಸರತಿ ಮುರಿಯುತ್ತಾಳೆ, ಅಪರಿಚಿತರಿಗೆ ಕೆಲಸ ಹೇಳುತ್ತಾಳೆ, ತಪ್ಪು ತನ್ನದಾದರೂ ಎದುರಿನವರನ್ನೇ ದಬಾಯಿಸುತ್ತಾಳೆ. ಎದುರಿನವರು ನಟರಲ್ಲ. ಬೈಯುವವರ ಬೈಗುಳ ನಿಜ, ಕೆಂಪಾಗುವವರ ಮುಖ ನಿಜ. 2015ರಲ್ಲಿ ಇದೇ ಪಾತ್ರ ಸಿನಿಮಾ ಆಯಿತು. ಬ್ರಿಟನ್ನಿನ ರಾಜಕುಮಾರ ಹ್ಯಾರಿಯನ್ನು ಮದುವೆಯಾಗಲು ಹೊರಟವಳ ಕಥೆ. ಅದಕ್ಕಾಗಿ ಕೊತಾಂ ಲಂಡನ್ನಿನ ಕೆನ್ಸಿಂಗ್ಟನ್ ಅರಮನೆಯ ಗೇಟನ್ನು ನಿಜವಾಗಿಯೂ ಹತ್ತಿದರು, ಪೊಲೀಸರು ನಿಜವಾಗಿಯೂ ಹಿಡಿದರು.

ನನಗೆ ಈ ತುಣುಕುಗಳೆಲ್ಲ ಒಂದೇ ರೀತಿಯಾಗಿ ಹಿಡಿಸಲಿಲ್ಲ. ಅಂಗಡಿಯಲ್ಲಿ ದುಡಿಯುವ ಹುಡುಗಿಯನ್ನು ತಮಾಷೆಗೆಂದು ಸತಾಯಿಸುವುದನ್ನು ನೋಡುವಾಗ ನಗು ಗಂಟಲಲ್ಲೇ ನಿಲ್ಲುತ್ತದೆ. ಆದರೆ ನಟನೆಯ ಗರಡಿ ಎಂದು ನೋಡಿದರೆ ಇದಕ್ಕಿಂತ ಕಠಿಣವಾದದ್ದು ಸಿಗುವುದಿಲ್ಲ. ಎದುರಿನವರ ಮಾತು ಬರೆದಿಟ್ಟದ್ದಲ್ಲ, ರೀಟೇಕ್ ಇಲ್ಲ, ನಕ್ಕರೆ ಕೆಟ್ಟಿತು. ಅಸಹ್ಯದ ನೋಟವನ್ನು ದಿನವಿಡೀ ಮುಖದ ಮೇಲೆ ತೆಗೆದುಕೊಂಡು ಒಂದಿಷ್ಟೂ ಕುಗ್ಗದೆ ನಿಲ್ಲಬೇಕು. ಆಂದ್ರಿಯಾ ಮಾರ್ತೆಲ್ ಯಾರ ಮೆಚ್ಚುಗೆಗೂ ಕಾಯದೆ ನಡೆದುಬರುವ ಆ ನಡಿಗೆ ತಯಾರಾದದ್ದು ಅಲ್ಲಿ.

ಧಾರಾವಾಹಿಗೆ ಮರಳುತ್ತೇನೆ. ಇದರ ಮುಖ್ಯ ಆಕರ್ಷಣೆ ಎಂದು ಎಲ್ಲರೂ ಹೇಳುವುದು ಅತಿಥಿ ತಾರೆಯರನ್ನು. ಪ್ರತಿ ಸಂಚಿಕೆಯಲ್ಲೂ ನಿಜವಾದ ತಾರೆಯೊಬ್ಬರು ತಮ್ಮದೇ ಹೆಸರಿನಲ್ಲಿ ಬಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ. ಮೊದಲ ಸಂಚಿಕೆಯಲ್ಲಿ ಸೆಸಿಲ್ ದ ಫ್ರಾನ್ಸ್. ಅಮೆರಿಕದ ದೊಡ್ಡ ಚಿತ್ರ ವಯಸ್ಸಿನ ಕಾರಣಕ್ಕೆ ಕೈತಪ್ಪುತ್ತಿದೆ, ಅದನ್ನು ಹೇಳಲು ಗೇಬ್ರಿಯೆಲ್‌ಗೆ ಬಾಯಿ ಬರುವುದಿಲ್ಲ. ನಾಲ್ವರಲ್ಲಿ ಒಬ್ಬರಾದರೂ ಆ ಫೋನ್ ಮಾಡಲೇಬೇಕಲ್ಲ! ನತಾಲಿ ಬಾಯ್ ಮತ್ತು ಲಾರಾ ಸ್ಮೆತ್ ನಿಜಜೀವನದ ತಾಯಿ ಮಗಳು. ಇಬ್ಬರನ್ನೂ ಒಂದೇ ಚಿತ್ರಕ್ಕೆ ಕರೆದಾಗ ಇಬ್ಬರಿಗೂ ಒಳಗೊಳಗೇ ಬೇಡ, ಆದರೆ ಒಬ್ಬರಿಗೊಬ್ಬರು ಹೇಳಿಕೊಳ್ಳಲಾರರು. ವಯಸ್ಸಾದ ಲಿನ್ ರೆನೊ ಮತ್ತು ಫ್ರಾಂಸ್ವಾಜ್ ಫಾಬಿಯಾಂ ಒಂದೇ ಪಾತ್ರಕ್ಕೆ ಜಗ್ಗಾಡುವ ಸಂಚಿಕೆ ನನಗೆ ಬಹಳ ಹತ್ತಿರವಾದದ್ದು. ಎಂಬತ್ತು ದಾಟಿದ ಮೇಲೂ ‘ಆ ಪಾತ್ರ ಅವಳಿಗೇಕೆ, ನನಗೇಕಿಲ್ಲ’ ಎಂಬ ಕಿಚ್ಚು ಆರುವುದಿಲ್ಲ ಎಂಬುದನ್ನು ಇಷ್ಟು ಪ್ರೀತಿಯಿಂದ ತೋರಿಸಿದ್ದು ನಾನು ಬೇರೆಲ್ಲೂ ಕಂಡಿಲ್ಲ.

ಮೂರನೇ ಸೀಸನ್ನಿನ ಇಸಬೆಲ್ ಉಪೇರ್ ಸಂಚಿಕೆ ಬಂದಾಗ ನಾನು ಕುರ್ಚಿಯ ತುದಿಗೆ ಬಂದು ಕುಳಿತೆ. ಅಮೆರಿಕನ್ನರ ಚಿತ್ರಕ್ಕೆ ಸಹಿ ಹಾಕಿದ್ದಾರೆ, ಅದು ಮುಗಿಯುವ ತನಕ ಬೇರೆ ಕಡೆ ನಟಿಸಕೂಡದೆಂಬ ಷರತ್ತು ಇದೆ. ಆದರೆ ಉಪೇರ್ ಕದ್ದು ಇನ್ನೊಂದು ಫ್ರೆಂಚ್ ಚಿತ್ರದಲ್ಲೂ ನಟಿಸುತ್ತಿದ್ದಾರೆ. ರಾತ್ರಿಯಿಡೀ ಒಂದು ಸೆಟ್‌ನಿಂದ ಇನ್ನೊಂದಕ್ಕೆ ಓಟ, ವೇಷ ಬದಲು, ಸುಳ್ಳಿನ ಮೇಲೆ ಸುಳ್ಳು. ಬೇರೆಯವರಿಗೆ ಇದು ಪ್ರಹಸನ. ಮುಂಜಾನೆ ಒಂದು ಧಾರಾವಾಹಿ, ಮಧ್ಯಾಹ್ನ ಇನ್ನೊಂದು ವಾಹಿನಿಯ ಮತ್ತೊಂದು ಎಂದು ಡೇಟ್ಸ್ ಹಂಚಿಕೊಂಡ ನಟಿಯೊಬ್ಬರಿಗಾಗಿ ಟ್ರಾಫಿಕ್ ಜಾಮ್ ಎಂಬ ಒಂದೇ ಸುಳ್ಳನ್ನು ಎರಡು ಕಡೆಯೂ ಹೇಳಿಸಿದ ನನಗೆ ಅದು ಸಾಕ್ಷ್ಯಚಿತ್ರ. ಬೆಂಗಳೂರಿನಲ್ಲಿ ಆ ಸುಳ್ಳನ್ನು ಎಲ್ಲರೂ ನಂಬುತ್ತಾರೆ ಎಂಬುದಷ್ಟೇ ನಮಗಿದ್ದ ಅನುಕೂಲ. ವರ್ಷವಿಡೀ ಬಿಡುವಿಲ್ಲದೆ ನಟಿಸುವ ತಮ್ಮ ಖ್ಯಾತಿಯನ್ನೇ ತಮಾಷೆಗೆ ಒಡ್ಡಿಕೊಂಡ ಉಪೇರ್ ಅವರ ಧೈರ್ಯಕ್ಕೆ ಕೈಮುಗಿಯಬೇಕು.

ಇಷ್ಟೆಲ್ಲ ತಾರೆಯರು ಬಂದುಹೋಗುವ ಮನೆಯಲ್ಲಿ ಕೊತಾಂ ಅವರ ಕೆಲಸ ಏನು? ಕೇಳಿಸಿಕೊಳ್ಳುವುದು. ಮೊದಲ ಸಲ ನೋಡುವಾಗ ಇದು ನನಗೆ ಹೊಳೆಯಲಿಲ್ಲ, ಅತಿಥಿಗಳ ಮೇಲೆಯೇ ಕಣ್ಣಿತ್ತು. ಎರಡನೇ ಸುತ್ತಿನಲ್ಲಿ ಕೊತಾಂ ಅವರನ್ನು ಮಾತ್ರ ಗಮನಿಸುತ್ತಾ ಹೋದೆ. ತಾರೆ ಮಾತಾಡುವಾಗ ಆಂದ್ರಿಯಾ ಅವರ ಮುಖವನ್ನು ಓದುತ್ತಿರುತ್ತಾಳೆ. ಹೇಳುತ್ತಿರುವುದನ್ನಲ್ಲ, ಹೇಳದೆ ಉಳಿಸಿಕೊಂಡದ್ದನ್ನು ಹುಡುಕುತ್ತಿರುತ್ತಾಳೆ. ಸಂಭಾವನೆ ಕಡಿಮೆಯಾಯಿತೆಂಬ ಸಿಟ್ಟಿನ ಕೆಳಗೆ ‘ನನ್ನನ್ನು ಇನ್ನೂ ಯಾರಾದರೂ ನೋಡುತ್ತಾರಾ’ ಎಂಬ ಹೆದರಿಕೆ ಇದೆಯೆಂದು ಪತ್ತೆ ಹಚ್ಚಿದ ಕ್ಷಣ ಕೊತಾಂ ಅವರ ಗದ್ದ ಒಂದು ಎಳೆಯಷ್ಟು ಕೆಳಗಿಳಿಯುತ್ತದೆ, ಅಷ್ಟೇ. ಮುಂದಿನ ಮಾತು ಬೇರೆ ಸ್ವರದಲ್ಲಿ ಬರುತ್ತದೆ. ತಾರೆಗಳು ಮಿಂಚಲು ಅವರ ಎದುರು ನಿಂತವರು ಹೀಗೆ ಕೇಳಿಸಿಕೊಳ್ಳಬೇಕು. ಈ ಧಾರಾವಾಹಿಯ ಅತಿಥಿಗಳೆಲ್ಲ ಇಷ್ಟು ಚೆನ್ನಾಗಿ ಕಾಣುವುದರಲ್ಲಿ ಅರ್ಧ ಪಾಲು ಕೊತಾಂ ಅವರದು.

ಆಂದ್ರಿಯಾಳ ಸ್ವಂತ ಬದುಕಿನ ಕಥೆಯೂ ಇದೆ. ಅವಳು ಹೆಂಗಸರನ್ನು ಪ್ರೀತಿಸುವವಳು. ಫ್ರಾನ್ಸಿನ ಸರ್ಕಾರಿ ವಾಹಿನಿಯಲ್ಲಿ, ಮನೆಮಂದಿಯೆಲ್ಲ ಕೂತು ನೋಡುವ ಹೊತ್ತಿನಲ್ಲಿ, ಅದನ್ನು ‘ಸಮಸ್ಯೆ’ ಎಂದು ಚರ್ಚಿಸದೆ ಸುಮ್ಮನೆ ತೋರಿಸಿದ್ದು ದೊಡ್ಡ ಮಾತು. ಏಜೆನ್ಸಿಯ ಲೆಕ್ಕ ತಪಾಸಣೆಗೆ ಬರುವ ತೆರಿಗೆ ಅಧಿಕಾರಿ ಕೊಲೆತ್ ಜೊತೆಗಿನ ಪ್ರೇಮವೇ ಅವಳ ಮುಖ್ಯ ಕಥೆ. ಕೆಲಸ ಸಾಧಿಸಿಕೊಳ್ಳಲು ಶುರುಮಾಡಿದ ಸರಸ ಅವಳ ಕೊರಳಿಗೇ ಸುತ್ತಿಕೊಳ್ಳುತ್ತದೆ. ಮೊದಲ ಸೀಸನ್ನಿನಲ್ಲಿ ಇದು ಎಷ್ಟು ಚೆಂದ ಬಂದಿದೆಯೋ, ಎರಡನೆಯದರ ಕೊನೆಗೆ ಏಜೆನ್ಸಿಯ ಹೊಸ ಮಾಲೀಕ ಹಿಶಾಂನಿಂದ ಅವಳು ಬಸುರಿಯಾಗುವ ತಿರುವು ಅಷ್ಟೇ ಎಳೆದು ತಂದದ್ದು ಎನಿಸಿತು. ನಮ್ಮ ಧಾರಾವಾಹಿಗಳಲ್ಲಿ ಟಿಆರ್‌ಪಿ ಇಳಿದ ವಾರ ಯಾರಿಗಾದರೂ ವಾಂತಿ ಬರುತ್ತದೆ. ಪ್ಯಾರಿಸ್ಸಿನವರೂ ಆ ಹಳೆಯ ಮದ್ದಿಗೇ ಕೈಹಾಕಿದ್ದು ನೋಡಿ ಸ್ವಲ್ಪ ಸಮಾಧಾನವೂ ಆಯಿತು ಅನ್ನಿ. ತಿರುವು ಸವಕಲಾದರೂ ಕೊತಾಂ ಅದನ್ನು ಹೊತ್ತು ದಾಟಿಸುತ್ತಾರೆ. ಮೂರನೇ ಸೀಸನ್ನಿನ ಬಸುರಿ ಆಂದ್ರಿಯಾಳಿಗೆ ಹೊಟ್ಟೆಯೂ ಒಂದು ಕಿರಿಕಿರಿ ಮಾಡುವ ಕ್ಲೈಂಟ್, ನಡುವೆ ಫೋನ್ ಮಾಡಿದಂತೆ ಒದೆಯುವ ಕ್ಲೈಂಟ್.

ದೂರುಗಳು ಇನ್ನೂ ಇವೆ. ಆಂದ್ರಿಯಾ ಮೊದಲ ದಿನ ಕೆಲಸಕ್ಕೆ ಹಾಕಿಕೊಂಡ ಆ ಹುಡುಗಿಯ ಹೆಸರೂ ಕಮಿಯ್ ಎಂದೇ, ಅವಳು ಯಾರ ಮಗಳೆಂಬ ಗುಟ್ಟನ್ನು ಮೊದಲ ಸೀಸನ್ನಿನಲ್ಲಿ ಅಗತ್ಯಕ್ಕಿಂತ ಎಳೆದಿದ್ದಾರೆ. ನಾಲ್ಕನೇ ಸೀಸನ್ನಿನ ಹೊತ್ತಿಗೆ ಫಾನಿ ಎರೆರೊ ಬರವಣಿಗೆಯಿಂದ ಸರಿದಿದ್ದರು. ಅದರ ಕೊರತೆ ಕಾಣುತ್ತದೆ: ಕಚೇರಿಯ ಜಗಳ ಹೆಚ್ಚಾಗಿ ಕಸುಬಿನ ಸೂಕ್ಷ್ಮ ಕಡಿಮೆಯಾಗಿದೆ. ಆದರೂ ಅದೇ ಸೀಸನ್ನಿನಲ್ಲಿ ಗೆಳೆಯನ ಕೆಟ್ಟ ಚಿತ್ರಕ್ಕೆ ಆಗದು ಎನ್ನಲಾರದೆ ಒದ್ದಾಡುವ ಶಾರ್ಲೊತ್ ಗೇನ್ಸ್‌ಬೂರ್ ಇದ್ದಾರೆ, ಇದ್ದಕ್ಕಿದ್ದಂತೆ ಸ್ಟ್ಯಾಂಡಪ್ ಹಾಸ್ಯಕ್ಕೆ ಇಳಿಯುತ್ತೇನೆನ್ನುವ ಸಾಂದ್ರಿನ್ ಕಿಬರ್ಲಾಂ ಇದ್ದಾರೆ, ತನಗಿಂತ ಹಿರಿಯ ನಾಯಕ ಬೇಡ, ಕಿರಿಯನೇ ಬೇಕು ಎಂದು ಪಟ್ಟು ಹಿಡಿಯುವ ಸಿಗೋರ್ನಿ ವೀವರ್ ಇದ್ದಾರೆ. ಅರವತ್ತರ ನಾಯಕನಿಗೆ ಇಪ್ಪತ್ತರ ನಾಯಕಿಯನ್ನು ಹುಡುಕಿ ತಂದ ಉದ್ಯಮದವಳಾಗಿ ನಾನು ವೀವರ್ ಅವರ ಪಟ್ಟಿಗೆ ಚಪ್ಪಾಳೆ ತಟ್ಟಿದೆ.

ಕೊತಾಂ ಜೊತೆಗಿರುವವರೂ ಸಾಮಾನ್ಯರಲ್ಲ. ಮಥಿಯಾಸ್‌ನ ಸಹಾಯಕಿ ನೊಎಮಿಯಾಗಿ ಕಣ್ಣರಳಿಸಿ ಓಡಾಡುವ ಲೋರ್ ಕಲಾಮಿ ಮುಂದೆ 2021ರಲ್ಲಿ ಫ್ರಾನ್ಸಿನ ಸೆಝಾರ್ ಪ್ರಶಸ್ತಿಯನ್ನು ಅತ್ಯುತ್ತಮ ನಟಿಯಾಗಿ ಪಡೆದರು. ಲಿಲಿಯಾನ್ ರೊವೇರ್ ಅವರ ಅರ್ಲೆತ್ ಇಡೀ ಕಚೇರಿಗೆ ಅಜ್ಜಿಯೂ ಹೌದು, ಅಪಾಯವೂ ಹೌದು.

ಈ ಧಾರಾವಾಹಿಯ ಬಲದಿಂದ ಕೊತಾಂ ಎಲ್ಲಿಗೆ ಹೋದರು ಎಂಬುದು ನನಗೆ ಇನ್ನೊಂದು ಆಸಕ್ತಿ. ‘ಕಿಲ್ಲಿಂಗ್ ಈವ್’ ಎಂಬ ಬ್ರಿಟಿಷ್ ಸರಣಿಯ ಕೊನೆಯ ಎರಡು ಸೀಸನ್‌ಗಳಲ್ಲಿ ಎಲೆನ್ ಎಂಬ ಪಾತ್ರ. ಹಂತಕಿಯರ ಮೇಲೆ ಅಧಿಕಾರ ನಡೆಸುವ, ಅಪ್ಪಿಕೊಂಡೇ ನಡುಕ ಹುಟ್ಟಿಸುವ ಹೆಂಗಸು. ಅಲ್ಲಿ ಅವರಿಗೆ ದಕ್ಕಿದ ಜಾಗ ಸಣ್ಣದಾದರೂ ನ್ಯಾಯವಾಗಿದೆ. 2021ರ ‘ಸ್ಟಿಲ್‌ವಾಟರ್’ ಚಿತ್ರ ಅವರ ಹೊರದೇಶದ ಕೆಲಸಗಳಲ್ಲಿ ಅತ್ಯುತ್ತಮ. ಮಗಳನ್ನು ಜೈಲಿನಿಂದ ಬಿಡಿಸಲು ಮಾರ್ಸೇ ನಗರಕ್ಕೆ ಬಂದ ಅಮೆರಿಕದ ಕೂಲಿಕಾರನಾಗಿ ಮ್ಯಾಟ್ ಡೇಮನ್, ಅವನಿಗೆ ನೆರವಾಗುವ ರಂಗನಟಿ ವರ್ಜೀನಿಯಾಗಿ ಕೊತಾಂ. ಅರಬ್ಬರ ಬಗ್ಗೆ ಜನಾಂಗದ್ವೇಷ ಕಾರುವ ಸಾಕ್ಷಿಯೊಬ್ಬನ ಎದುರು ಅವಳು ಎದ್ದುಬಿಡುತ್ತಾಳೆ. ಸಾಕ್ಷಿ ಬೇಕಾದರೆ ಅವನು ಏನೆಂದರೂ ಸಹಿಸೋಣ ಎನ್ನುವ ಡೇಮನ್‌ನ ಮುಖ ಒಂದು ಕಡೆ, ಸಹಿಸಲಾರದ ಅವಳ ಬೆನ್ನು ಇನ್ನೊಂದು ಕಡೆ. ಇಬ್ಬರ ನಡುವಿನ ದೂರ ಇಡೀ ಚಿತ್ರಕ್ಕೆ ಅಲ್ಲಿಂದ ಗೊತ್ತಾಗುತ್ತದೆ.

ಉಳಿದದ್ದು ಬೇಸರದ ಕಥೆ. ‘ಹೌಸ್ ಆಫ್ ಗುಚ್ಚಿ’ಯಲ್ಲಿ ಗುಚ್ಚಿ ಮನೆತನದ ಮೌರಿಜಿಯೊನ ಪ್ರೇಯಸಿ ಪಾವೊಲಾ ಫ್ರಾಂಕಿ, ‘ಗೋಲ್ಡಾ’ದಲ್ಲಿ ಹೆಲೆನ್ ಮಿರೆನ್ ನಟಿಸಿದ ಇಸ್ರೇಲಿನ ಪ್ರಧಾನಿ ಗೋಲ್ಡಾ ಮೇರ್‌ಗೆ ಸಹಾಯಕಿ ಲೂ ಕಡ್ಡಾರ್, ‘ಎ ಹಾಂಟಿಂಗ್ ಇನ್ ವೆನಿಸ್’ನಲ್ಲಿ ಮನೆಯ ಮೇಲ್ವಿಚಾರಕಿ. ಮೂರರಲ್ಲೂ ಅವರು ತಾರೆಯೊಬ್ಬರ ಪಕ್ಕದಲ್ಲಿ ನಿಂತು ಚಿಂತೆಯ ಮುಖ ಮಾಡುತ್ತಾರೆ. ಇದನ್ನು ಹಾಲಿವುಡ್‌ನ ಸಂಪ್ರದಾಯ ಎನ್ನಬೇಕೇನೊ. ಫ್ರೆಂಚ್ ನಟಿ ಬೇಕು, ಆದರೆ ಕೊಠಡಿಯಲ್ಲಿ ಒಂದು ಮೂಲೆಗೆ ಮಾತ್ರ. ಕೇಳಿಸಿಕೊಳ್ಳುವ ಪ್ರತಿಭೆಯನ್ನು ಸುಮ್ಮನೆ ನಿಲ್ಲಿಸಲು ಬಳಸಿದರೆ ಅದು ಪೀಠೋಪಕರಣವಾಗುತ್ತದೆ.

ಅದಕ್ಕೆ ಹೋಲಿಸಿದರೆ ತಾಯ್ನಾಡಿನ ಕೆಲಸಗಳೇ ಮೇಲು. ಸಾರಾ ಸುಕೊ ತಮ್ಮದೇ ಬಾಲ್ಯದಿಂದ ತೆಗೆದು ನಿರ್ದೇಶಿಸಿದ ‘ಲೆಜ್ ಎಬ್ಲುಯಿ’ಯಲ್ಲಿ, 2019ರಲ್ಲಿ, ಧಾರ್ಮಿಕ ಪಂಗಡವೊಂದಕ್ಕೆ ಮನಸೋತು ಮಕ್ಕಳನ್ನೂ ಅದಕ್ಕೆ ಒಪ್ಪಿಸುವ ತಾಯಿ. ಆಂದ್ರಿಯಾಳ ಚೂಪು ಒಂದಿಷ್ಟೂ ಇಲ್ಲದ, ಬಳಲಿದ, ಯಾರಾದರೂ ಹೇಳಿದ್ದಕ್ಕೆ ತಲೆಯಾಡಿಸಲು ಕಾಯುತ್ತಿರುವ ಹೆಂಗಸು. ಅದೇ ಮುಖವೇ ಎಂದು ಅನುಮಾನ ಬರುತ್ತದೆ. 2024ರಲ್ಲಿ ಬಂದ ‘ನಿ ಶೆನ್ ನಿ ಮೆತ್ರ್’ ಚಿತ್ರದಲ್ಲಿ 1759ರ ಮಾರಿಷಸ್‌ನ ಕಬ್ಬಿನ ತೋಟಗಳಿಂದ ತಪ್ಪಿಸಿಕೊಂಡ ಗುಲಾಮರನ್ನು ಬೇಟೆಯಾಡುವ ಮದಾಮ್ ಲಾ ವಿಕ್ತ್ವಾರ್. ನಗುವ ನಟಿ ಎಂಬ ಮುದ್ರೆ ಬಿದ್ದವರು ಇಂಥ ಪಾತ್ರಕ್ಕೆ ಒಪ್ಪುವುದೇ ಅಪರೂಪ. ‘ಮೂಷ್’ ಮಾತ್ರ ನನಗೆ ರುಚಿಸಲಿಲ್ಲ. ಬ್ರಿಟಿಷ್ ‘ಫ್ಲೀಬ್ಯಾಗ್’ನ ಫ್ರೆಂಚ್ ರೂಪ ಅದು, ಒಂದೇ ಸೀಸನ್‌ಗೆ ನಿಂತಿತು. ಇನ್ನೊಬ್ಬಳ ಅಳತೆಗೆ ಹೊಲಿದ ಕುಪ್ಪಸ ಎಷ್ಟು ಚೆಂದವಿದ್ದರೇನು?

2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ಉದ್ಘಾಟನೆ ಮತ್ತು ಸಮಾರೋಪವನ್ನು ನಡೆಸಿಕೊಟ್ಟದ್ದು ಕೊತಾಂ. ಧಾರಾವಾಹಿಯ ಎರಡನೇ ಸೀಸನ್ ಮುಗಿಯುವುದೂ ಕಾನ್‌ನಲ್ಲೇ, ಜೂಲಿಯೆತ್ ಬಿನೋಷ್ ಅವರನ್ನು ವೇದಿಕೆಗೆ ಸಿದ್ಧಗೊಳಿಸುವ ಗಡಿಬಿಡಿಯಲ್ಲಿ. ತೆರೆಯ ಹಿಂದೆ ಓಡಾಡಿದವಳಿಗೆ ಮುಂದೆ ಬರುವ ಪಾಳಿ. ಅದೇ ವರ್ಷ ಮೈಸೂರಿನ ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ಗೆ ಕಾನ್‌ನ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಬಂದಿತ್ತು, ಸಮಾರೋಪದಲ್ಲಿ ನಿರ್ದೇಶಕಿ ಪಾಯಲ್ ಕಪಾಡಿಯಾ ಅವರಿಗೆ ಉತ್ಸವದ ಎರಡನೇ ದೊಡ್ಡ ಪ್ರಶಸ್ತಿಯಾದ ಗ್ರ್ಯಾಂಡ್ ಪ್ರಿ. ನಮ್ಮ ಸೆಟ್ ಹುಡುಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ವಾರ ಅಭಿನಂದನೆಗಳ ಮಳೆ. ನಾನು ಒಬ್ಬಳೇ ‘ನಡೆಸಿಕೊಟ್ಟವಳು ಆಂದ್ರಿಯಾ’ ಎಂದು ಬರೆದೆ, ಯಾರಿಗೂ ಅರ್ಥವಾಗಲಿಲ್ಲ.

ಬೇರೆ ದೇಶಗಳವರು ಇದನ್ನು ತಮ್ಮದಾಗಿಸಿಕೊಂಡಿದ್ದಾರೆ: ಟರ್ಕಿ, ಬ್ರಿಟನ್, ದಕ್ಷಿಣ ಕೊರಿಯಾ. 2021ರಲ್ಲಿ ಹಿಂದಿಯಲ್ಲೂ ಬಂತು, ‘ಕಾಲ್ ಮೈ ಏಜೆಂಟ್: ಬಾಲಿವುಡ್’. ಆಂದ್ರಿಯಾಳ ಜಾಗದಲ್ಲಿ ಅಹಾನಾ ಕುಮ್ರಾ. ಅವರ ತಪ್ಪೇನೂ ಇಲ್ಲ, ಪಾತ್ರ ನುಣುಪಾಗಿದೆ, ಬಂದ ತಾರೆಯರೂ ತಮ್ಮ ಬಗ್ಗೆ ಹಿತವಾದ ತಮಾಷೆಯನ್ನಷ್ಟೇ ಒಪ್ಪಿಕೊಂಡಂತಿದೆ. ಮೂಲದಲ್ಲಿ ತಾರೆಯರು ತಮ್ಮ ಹೆದರಿಕೆಯನ್ನು ಮೇಜಿನ ಮೇಲೆ ಇಡುತ್ತಾರೆ, ಇಲ್ಲಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಸಮಯವಿದ್ದರೆ ನೋಡಿ, ಇಲ್ಲದಿದ್ದರೆ ನಷ್ಟವಿಲ್ಲ.

ನೋಡುವವರಿಗೆ ಕೆಲವು ಮಾತು. ಇಂಗ್ಲಿಷ್ ಡಬ್ಬಿಂಗ್ ಆರಿಸಬೇಡಿ. ಆ ಸ್ವರದ ಜೇನು ಮತ್ತು ವಿಷ ಎರಡೂ ಅಲ್ಲಿ ಸೋರಿಹೋಗುತ್ತವೆ. ಫ್ರೆಂಚ್ ಧ್ವನಿ, ಇಂಗ್ಲಿಷ್ ಅಡಿಬರಹ ಇಟ್ಟುಕೊಳ್ಳಿ. ಮಾತಿನ ವೇಗ ವಿಪರೀತ, ಅಡುಗೆ ಮಾಡುತ್ತಾ ನೋಡುವಂಥದ್ದಲ್ಲ. ಶೃಂಗಾರದ ದೃಶ್ಯಗಳಿವೆ, ಹಿರಿಯರ ಪಕ್ಕ ಕೂತವರು ರಿಮೋಟ್ ಕೈಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಫ್ರೆಂಚ್ ತಾರೆಯರ ಹೆಸರು ಗೊತ್ತಿಲ್ಲವೆಂದು ಹಿಂಜರಿಯುವುದು ಬೇಡ. ಅರ್ಧಕ್ಕರ್ಧ ಜನರನ್ನು ನಾನು ಇಲ್ಲೇ ಮೊದಲ ಸಲ ಕಂಡದ್ದು. ಅವರು ಎಂಥ ದೊಡ್ಡವರೆಂಬುದು ಆಂದ್ರಿಯಾ ಅವರನ್ನು ಬಾಗಿಲಲ್ಲಿ ಎದುರುಗೊಳ್ಳುವ ರೀತಿಯಲ್ಲೇ ಗೊತ್ತಾಗುತ್ತದೆ.

ಎರಡು ಸಂಚಿಕೆಗಷ್ಟೇ ಬಿಡುವಿದ್ದರೆ ಮೊದಲ ಸೀಸನ್ನಿನ ಎರಡನೆಯದು, ಮೂರನೇ ಸೀಸನ್ನಿನ ಉಪೇರ್ ಅವರದು. ಕೊತಾಂ ಅವರನ್ನು ಪೂರ್ತಿಯಾಗಿ ಅರಿಯುವ ಆಸೆಯಿದ್ದವರು ಇದು ಮುಗಿದ ಮೇಲೆ ‘ಸ್ಟಿಲ್‌ವಾಟರ್’ ನೋಡಿ, ಆಮೇಲೆ ‘ಲೆಜ್ ಎಬ್ಲುಯಿ’ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ‘ಗುಚ್ಚಿ’ಯನ್ನು ಅವರಿಗಾಗಿ ನೋಡಲು ಹೋಗಬೇಡಿ, ಹುಡುಕುವಷ್ಟರಲ್ಲಿ ಚಿತ್ರ ಮುಗಿದಿರುತ್ತದೆ.